ನೂರ ಅರವತ್ತೊಂಬತ್ತು ಚುಕ್ಕಿ

ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆಗಳು ಬೇಕಾದಷ್ಟಿವೆ. ನಿಜ ಹೇಳಿ ಸಿಕ್ಕಿಬಿದ್ದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅಂಥವರಿಗೆ ಜನ ಮೊದಲೇ ದಡ್ಡರೆಂದು ಹೆಸರಿಟ್ಟಿರುತ್ತಾರೆ, ಅವರ ಮಾತು ಕೇಳುವವರಾದರೂ ಯಾರು? ನಾನು ಆ ಪೈಕಿಯವನು. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಸಂಖ್ಯೆಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಎದುರಿಗೆ ಆಟೋ ಬಂದರೆ ಅದರ ನಂಬರು ಏಳರಿಂದ ಭಾಗವಾಗುತ್ತದೋ ಇಲ್ಲವೋ ಎಂದು ನೋಡದೆ ಹತ್ತಿದವನಲ್ಲ. ಒಮ್ಮೆ ಹೀಗೇ ಬಸ್ಸಿನ ನಂಬರನ್ನು ಭಾಗಿಸುತ್ತಾ ನಿಂತಿದ್ದೆ. ಭಾಗಾಕಾರ ಮುಗಿಯುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಹಿನಕಲ್‌ವರೆಗೆ ನಡೆದೇ ಬಂದೆ.

ಈ ಹುಚ್ಚು ನನ್ನ ಹೆಂಡತಿ ಕಮಲಳಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಲಷ್ಕರ್ ಮೊಹಲ್ಲಾದ ಅವರ ಮನೆಗೆ ಹೆಣ್ಣು ನೋಡಲು ಹೋದಾಗ ನಾವು ಮೂವರಿದ್ದೆವು. ತಟ್ಟೆಯಲ್ಲಿ ಏಳು ಬಜ್ಜಿ ಇಟ್ಟಿದ್ದರು. ನಾನು ಮಾತಿಗೆ ಮಾತು ಬರಲೆಂದು, "ಏಳು ಅವಿಭಾಜ್ಯ ಸಂಖ್ಯೆ, ಮೂವರಿಗೆ ಹಂಚೋಕೆ ಬರೋಲ್ಲ" ಎಂದೆ. ಹುಡುಗನಿಗೆ ಬಜ್ಜಿ ಸಾಲದಾಯಿತೆಂದು ತಿಳಿದ ನನ್ನ ಭಾವೀ ಮಾವನವರು ಇನ್ನೆರಡು ತರಿಸಿ ಹಾಕಿದರು. ಒಂಬತ್ತಾಯಿತು, ನನಗೂ ಸಮಾಧಾನವಾಯಿತು. ಒಳಗಿನಿಂದ ಯಾರೋ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಆ ನಕ್ಕವಳೇ ಕಮಲ. ಇಷ್ಟು ವರ್ಷಗಳಲ್ಲಿ ಆ ನಗು ನಿಟ್ಟುಸಿರಿಗೆ ತಿರುಗಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಹಿನಕಲ್ ಆಚೆಯ ಒಂದು ಬಡಾವಣೆಯಲ್ಲಿದೆ. ಪಕ್ಕದ ಮನೆ ರತ್ನಮ್ಮನವರದು. ಇಲವಾಲದ ಕಡೆಯವರು. ಇಬ್ಬರ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ಪ್ರತಿ ಸಂಜೆ ಕಮಲ ಒಂದು ಪುಟ್ಟ ಬಟ್ಟಲು ಹಿಡಿದು ಆ ಗೋಡೆಯ ಹತ್ತಿರ ಹೋಗುತ್ತಾಳೆ. "ರತ್ನಾ, ಒಂಚೂರು ಹೆಪ್ಪು ಕೊಡೇ" ಎನ್ನುತ್ತಾಳೆ. ರತ್ನಮ್ಮ ಒಂದು ಚಮಚ ಮೊಸರು ಹಾಕುತ್ತಾರೆ. ಚಮಚದ ಕೆಲಸಕ್ಕೆ ಇಬ್ಬರಿಗೂ ಮುಕ್ಕಾಲು ಗಂಟೆ ಬೇಕು. ನಮ್ಮ ಮನೆಯಲ್ಲಿ ಹೆಪ್ಪಿಗೆ ಮೊಸರಿರುವುದಿಲ್ಲವೆಂದಲ್ಲ. ಒಮ್ಮೆ ನಾನು ಫ್ರಿಜ್ಜು ತೆಗೆದು, "ಇಲ್ಲೇ ಇದೆಯಲ್ಲ ಮೊಸರು" ಎಂದು ತೋರಿಸಿದ್ದೆ. ಅವಳು ನನ್ನನ್ನು ನೋಡಿದ ರೀತಿಗೆ ಫ್ರಿಜ್ಜಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಇಬ್ಬರಿಗೂ ರಂಗೋಲಿಯಲ್ಲಿ ಕೈ ಚೆನ್ನಾಗಿದೆ. ಆದರೆ ದಾರಿ ಬೇರೆ. ಕಮಲ ಇಡುವುದು ನೇರ ಚುಕ್ಕಿ. ಒಂದರ ಕೆಳಗೆ ಒಂದು, ಶಾಲೆಯ ಪ್ರಾರ್ಥನೆಗೆ ಮಕ್ಕಳು ನಿಂತ ಹಾಗೆ. ರತ್ನಮ್ಮನದು ಸಂದು ಚುಕ್ಕಿ. ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೆಳಗಿನ ಸಾಲಿನ ಒಂದು ಚುಕ್ಕಿ. ನಡುವೆ ಉದ್ದನೆಯ ಸಾಲು, ಅದರ ಮೇಲೂ ಕೆಳಗೂ ಒಂದೊಂದೇ ಚುಕ್ಕಿ ಕಡಿಮೆಯಾಗುತ್ತಾ ಹೋಗುವ ಸಾಲುಗಳು. ಇದನ್ನು ಹೆಂಗಸರು "ಹದಿನೈದರಿಂದ ಎಂಟು" ಎಂದು ಹೇಳಿದರೆ ಮುಗಿಯಿತು. ನಡುವಿನ ಸಾಲಿನಲ್ಲಿ ಹದಿನೈದು, ಆಮೇಲೆ ಇಳಿಯುತ್ತಾ ತುದಿಯಲ್ಲಿ ಎಂಟು ಎಂದರ್ಥ. ಇಡೀ ಆಕಾರ ಆರು ಮೂಲೆಯದಾಗುತ್ತದೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮ ನಿವಾಸಿಗಳ ಸಂಘದವರು ರಂಗೋಲಿ ಸ್ಪರ್ಧೆ ಇಡುತ್ತಾರೆ. ಹಿಂದಿನ ವರ್ಷ 'ಅಂದ' ನೋಡಿ ಬಹುಮಾನ ಕೊಟ್ಟಿದ್ದರು. ಅದರಿಂದ ನಾಲ್ಕು ಮನೆಯವರು ನಾಲ್ಕು ಮನೆಯವರೊಡನೆ ಮಾತು ಬಿಟ್ಟರು. ಈ ಸಲ ಸಂಘದ ಅಧ್ಯಕ್ಷ ಪುಟ್ಟಸ್ವಾಮಿ ಬೇರೆ ಉಪಾಯ ಮಾಡಿದ. ಪುಟ್ಟಸ್ವಾಮಿಗೆ ಸಿಮೆಂಟು-ಕಬ್ಬಿಣದ ಅಂಗಡಿಯಿದೆ. ನಮ್ಮ ಮನೆಗಳು ನಿಂತಿರುವ ಜಾಗದಲ್ಲಿ ಹಿಂದೆ ಅವನ ಮನೆಯವರೇ ರಾಗಿ ಬೆಳೆಯುತ್ತಿದ್ದರಂತೆ. ಹಾಗಾಗಿ ಬಡಾವಣೆಯ ಯಾವ ಜಗಳವಾದರೂ ಅವನಿಗೆ ತನ್ನ ಹೊಲದಲ್ಲೇ ಆದಂತೆ. "ಮೇಷ್ಟ್ರೇ, ಚೆಂದ ಗಿಂದ ಏನೂ ಬ್ಯಾಡ. ಯಾರ ಚುಕ್ಕಿ ಜಾಸ್ತಿನೋ ಅವ್ರು ಗೆದ್ರು. ಎಳೆ ಮಾತ್ರ ತಪ್ಪಬಾರ್ದು. ನೀವೇ ಜಡ್ಜ್ ಆಗ್ಬುಡಿ" ಎಂದ. ನಾನು, "ನಮ್ಮನೆಯವಳೂ ಹಾಕ್ತಾಳಲ್ಲಪ್ಪ" ಎಂದೆ. "ಲೆಕ್ಕಕ್ಕೆ ಹೆಂಡ್ತಿ ಮಕ್ಳು ಇದ್ದದಾ? ಬುಡಿ ಮೇಷ್ಟ್ರೇ" ಎಂದ. ಗಣಿತದ ಬಗ್ಗೆ ಇಷ್ಟು ದೊಡ್ಡ ಮಾತನ್ನು ನಮ್ಮ ಪ್ರಿನ್ಸಿಪಾಲರೂ ಆಡಿರಲಿಲ್ಲ. ಮರುಳಾಗಿ ಒಪ್ಪಿಕೊಂಡೆ. ಬಹುಮಾನಕ್ಕೆ ಒಂದು ಇಡ್ಲಿ ಕುಕ್ಕರ್ ತಂದಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ರಸ್ತೆಗಿಳಿದೆ. ಎಳೆ ಎಳೆದ ಮೇಲೆ ಚುಕ್ಕಿ ಎಣಿಸುವುದು ಕಷ್ಟವೆಂದು ಚುಕ್ಕಿಯಿಟ್ಟ ಕೂಡಲೇ ನೋಡಿಕೊಂಡು ಬಂದೆ. ಹಲವರದು ಹನ್ನೊಂದರಿಂದ ಆರು, ಅಂದರೆ ತೊಂಬತ್ತೊಂದು. ಕೊನೆಗೆ ಉಳಿದದ್ದು ನಮ್ಮ ಮನೆ ಮತ್ತು ಪಕ್ಕದ ಮನೆ. ಕಮಲಳದು ಹದಿಮೂರು ಸಾಲು, ಸಾಲಿಗೆ ಹದಿಮೂರು. ರತ್ನಮ್ಮನದು ಹದಿನೈದರಿಂದ ಎಂಟು. ಅಷ್ಟು ಹೊತ್ತಿಗೆ ಜನ ಸೇರಿ ವಾದ ಶುರುವಾಗಿತ್ತು. ಅರ್ಧ ಜನ, "ಹದಿನೈದು ದೊಡ್ದೋ ಹದಿಮೂರು ದೊಡ್ದೋ?" ಎನ್ನುತ್ತಿದ್ದರು. ಉಳಿದರ್ಧ, "ಕಮಲಮ್ಮನವರದು ಪೂರ್ತಿ ಹದಿಮೂರೇ ಇದೆ, ಇವರದು ಕೊನೆಗೆ ಎಂಟಕ್ಕೆ ಇಳಿದುಹೋಯ್ತಲ್ಲ" ಎನ್ನುತ್ತಿದ್ದರು. ಕಮಲ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲೇ ಎಲ್ಲವನ್ನೂ ಹೇಳಿದ್ದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿಮೂರು ಹದಿಮೂರಲ ನೂರ ಅರವತ್ತೊಂಬತ್ತು. ಇನ್ನು ರತ್ನಮ್ಮನದು. ಎಂಟರಿಂದ ಹದಿನಾಲ್ಕರವರೆಗೆ ಕೂಡಿದರೆ ಎಪ್ಪತ್ತೇಳು. ಮೇಲೊಂದು ಎಪ್ಪತ್ತೇಳು, ಕೆಳಗೊಂದು ಎಪ್ಪತ್ತೇಳು, ನಡುವೆ ಹದಿನೈದು. ನೂರ ಅರವತ್ತೊಂಬತ್ತು! ಅಯ್ಯೋ ದೇವರೇ, ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಆರು ಮೂಲೆಯ ರಂಗೋಲಿಯ ಚುಕ್ಕಿಗಳನ್ನು ಕೆಡಿಸಿ ಒಂದೂ ಉಳಿಯದಂತೆ, ಒಂದೂ ಸಾಲದೆ ಹೋಗದಂತೆ ಚೌಕಕ್ಕೆ ಕೂರಿಸಬಹುದು ಎಂದರೆ ಸಣ್ಣ ಮಾತೇ? ಒಂದೇ ಚುಕ್ಕಿಯ ರಂಗೋಲಿಯನ್ನು ಬಿಟ್ಟರೆ ಈ ಯೋಗ ಮೊದಲು ಕೂಡಿಬರುವುದು ನೂರ ಅರವತ್ತೊಂಬತ್ತಕ್ಕೇ. ಅದಾದ ಮೇಲೆ ಮತ್ತೆ ಮೂವತ್ತೆರಡು ಸಾವಿರ ದಾಟಬೇಕು. ಆ ರಂಗೋಲಿಯ ನಡುವಿನ ಸಾಲಿಗೇ ಇನ್ನೂರೊಂಬತ್ತು ಚುಕ್ಕಿ ಬೇಕು. ಅದನ್ನು ಹಾಕಿ ಮುಗಿಸುವಷ್ಟರಲ್ಲಿ ಯುಗಾದಿ ಬಂದಿರುತ್ತದೆ. ಇಂಥ ಸಂಖ್ಯೆ ನಮ್ಮ ಎರಡು ಗೇಟುಗಳ ಮುಂದೆ ತಾನಾಗಿ ಬಂದು ಕೂತಿದೆ!

ಮೈಕು ಕೈಗೆ ಕೊಟ್ಟರು. ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು. "ಎರಡೂ ಸಮ" ಎಂದು ಹೇಳಿ ಕೆಳಗಿಟ್ಟಿದ್ದರೆ ಏನಾಗುತ್ತಿತ್ತೋ. ನಾನು ಇಡಲಿಲ್ಲ. ನೂರ ಅರವತ್ತೊಂಬತ್ತನ್ನು ಹಿಂದುಮುಂದಾಗಿ ಬರೆದರೆ ಒಂಬೈನೂರ ಅರವತ್ತೊಂದು. ಇದು ಹದಿಮೂರರ ವರ್ಗವಾದರೆ ಅದು ಹದಿಮೂರನ್ನು ತಿರುಗಿಸಿದ ಮೂವತ್ತೊಂದರ ವರ್ಗ ಎಂದೆ. ಅದೇ ಮೂರು ಅಂಕಿಗಳನ್ನು ಕಲಸಿ ನೂರ ತೊಂಬತ್ತಾರು ಮಾಡಿದರೆ ಅದೂ ಹದಿನಾಲ್ಕರ ವರ್ಗ ಎಂದೆ. ಒಂದು, ಆರು, ಒಂಬತ್ತು ಕೂಡಿದರೆ ಹದಿನಾರು, ಅದು ನಾಲ್ಕರ ವರ್ಗ ಎಂದೆ. ಐದರ ವರ್ಗಕ್ಕೆ ಹನ್ನೆರಡರ ವರ್ಗ ಸೇರಿಸಿದರೂ ಇದೇ ಬರುತ್ತದೆ ಎನ್ನುವಾಗ ಯಾರೋ ಮೈಕಿನ ವೈರು ಕಿತ್ತರು. ಸದ್ದಡಗಿದ ಮೇಲೆ ಹಿಂದಿನಿಂದ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು. "ಪಾಪ, ಹೆಂಡ್ತಿಗೂ ಹೆದರ್ಕೊಂಡು, ಪಕ್ಕದ ಮನೆಯವ್ರಿಗೂ ಹೆದರ್ಕೊಂಡು ಸಮ ಮಾಡ್ಬುಟ್ರು ಕಣ್ರೀ."

ರತ್ನಮ್ಮ ಮುಂದೆ ಬಂದರು. "ಅದೆಂಗೆ ಮೇಷ್ಟ್ರೇ ಸಮ ಆಯ್ತದೆ? ನಂದು ಹದಿನೈದು, ಅಕ್ಕಂದು ಹದಿಮೂರು. ಬ್ಯಾರೆಯವ್ರು ಯಾರಾದ್ರೂ ಹದಿಮೂರು ಹಾಕಿದ್ರೆ ಇಂಗೇ ಸಮ ಅಂತಿದ್ರಾ?" ಎಂದರು. ಕಮಲಳಿಗೆ ಚುರುಕ್ಕೆಂದಿತು. "ಅಂದ್ರೆ ನಾನು ಇವರ ಹತ್ರ ಹೇಳಿ ಮಾಡಿಸ್ದೆ ಅಂತಾನಾ ರತ್ನಾ?" ಎಂದಳು. "ನಾನು ಅಂಗಂದ್ನಾ?" "ಮತ್ತೆ ಹೆಂಗಂದೆ?" ಪುಟ್ಟಸ್ವಾಮಿ ನಡುವೆ ಬಂದು, "ಕುಕ್ಕರ್ ಒಂದೇ ಇರೋದು, ಗರಗಸ ಹಾಕಿ ಕುಯ್ಯಕ್ಕಾದದಾ?" ಎಂದು ಅದನ್ನು ಎತ್ತಿಕೊಂಡು ಹೋದ. ಇಬ್ಬರೂ ಅವರವರ ಗೇಟು ಹಾಕಿಕೊಂಡರು. ಎರಡು ಗೇಟಿನ ಸದ್ದೂ ಸಮವಾಗಿತ್ತು.

ಮನೆಯಲ್ಲಿ ಕಮಲ ನನ್ನ ಮೇಲೆ ಕೂಗಾಡಲಿಲ್ಲ. ಅದೇ ನನಗೆ ಭಯ. ಮಧ್ಯಾಹ್ನ ಬಡಿಸುವಾಗ, "ಅಲ್ಲಾರೀ, ಸಮ ಅಂದ ಮೇಲೆ ಸುಮ್ನೆ ಇರೋಕಾಗ್ಲಿಲ್ವಾ? ಆ ಐದಂತೆ, ಹನ್ನೆರಡಂತೆ!" ಎಂದಳಷ್ಟೆ. ನಾನು, "ನಿಜ ಕಣೇ ಅದು" ಎಂದೆ. "ನಿಜ ಅಂತ ನಂಗೂ ಗೊತ್ತು. ನಿಮ್ಮ ನಿಜ ತಗೊಂಡು ಉಪ್ಪಿನಕಾಯಿ ಹಾಕಿ" ಎಂದಳು.

ಆ ಸಂಜೆ ಬಟ್ಟಲು ಗೋಡೆಯ ಹತ್ತಿರ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಕಮಲ ನಮ್ಮ ಫ್ರಿಜ್ಜಿನ ಮೊಸರಿನಿಂದಲೇ ಹೆಪ್ಪು ಹಾಕಿದಳು. ಮಾಗಿಯ ಚಳಿಗೆ ಹಾಲು ಹಾಲಾಗಿಯೇ ಉಳಿಯಿತು. ಚಳಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರವಲ್ಲ. ಸಂಜೆ ಆ ಹೊತ್ತಿಗೆ ಅವಳು ಕಿಟಕಿಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು. ಆಚೆ ಕಡೆ ರತ್ನಮ್ಮ ಒಗೆದು ಒಣಗಿಸಿದ ಬಟ್ಟೆಯನ್ನೇ ಮತ್ತೆ ಕೊಡವಿ ಒಣಗಿಸುತ್ತಿದ್ದರು. ಸಂಕ್ರಾಂತಿ ಹತ್ತಿರ ಬಂತು. ಈ ಮನೆಗೆ ಬಂದಾಗಿನಿಂದ ನಮ್ಮ ಮನೆಯ ಎಳ್ಳಿನ ಮೊದಲ ತಟ್ಟೆ ಹೋಗುವುದು ರತ್ನಮ್ಮನ ಮನೆಗೆ, ಅವರದು ಬರುವುದು ನಮ್ಮ ಮನೆಗೆ. ಕಮಲ ಕೊಬ್ಬರಿ ಹೆಚ್ಚುತ್ತಾ, "ಈ ಸಲ ಮೊದಲು ದೇವಸ್ಥಾನಕ್ಕೆ ಕೊಟ್ಟುಬಿಡೋಣ" ಎಂದಳು. ಹೆಚ್ಚಿದ ಚೂರುಗಳನ್ನೇ ಮತ್ತೆ ಹೆಚ್ಚಿದಳು. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕು ಎಂದುಕೊಂಡೆ. ಗಣಿತದ ಮೇಷ್ಟ್ರಿಗೆ ಸರಿಮಾಡುವುದೆಂದರೆ ಒಂದೇ ಅರ್ಥ, ಸಾಧಿಸಿ ತೋರಿಸುವುದು.

ಹಬ್ಬದ ಹಿಂದಿನ ದಿನ ಕಮಲ ಅವರೆಕಾಯಿ ಸುಲಿದಿಟ್ಟಿದ್ದಳು. ಸೊಗಡು ಮನೆಯಿಡೀ ತುಂಬಿತ್ತು. ಆ ಕಾಳನ್ನು ಕಂಡದ್ದೇ ನನಗೆ ದಾರಿ ಹೊಳೆಯಿತು. ನೂರ ಅರವತ್ತೊಂಬತ್ತು ಕಾಳು ತೆಗೆದು ಮೊದಲು ಹದಿನೈದರಿಂದ ಎಂಟಕ್ಕೆ ಇಡುವುದು. ಎಲ್ಲರೂ ನೋಡುತ್ತಿರುವಂತೆಯೇ ಅದೇ ಕಾಳುಗಳನ್ನು ಹದಿಮೂರರ ಚೌಕಕ್ಕೆ ಬದಲಾಯಿಸುವುದು. ಇನ್ನೇನು ಅನುಮಾನ ಉಳಿಯುತ್ತದೆ? ಪುಟ್ಟಸ್ವಾಮಿಗೆ ಫೋನು ಮಾಡಿದೆ. "ಬಂದ್ಬುಟ್ಟೆ ಮೇಷ್ಟ್ರೇ. ಆ ಕುಕ್ಕರ್ ನಮ್ಮನೇಲಿ ಕೂತ್ಕಂಡು ನಮ್ಮವಳು ದಿನಾ ಡಬ್ಬ ಸವರ್ತಾವ್ಳೆ" ಎಂದು, ಬರುವಾಗ ರತ್ನಮ್ಮನವರನ್ನೂ ಕರೆದುಕೊಂಡೇ ಬಂದ. ರತ್ನಮ್ಮ ಬಾಗಿಲಲ್ಲೇ ನಿಂತು, "ಅಧ್ಯಕ್ಷರು ಕರೆದ್ರು ಅಂತ ಬಂದೆ" ಎಂದರು. ಕಮಲ ಚಾಪೆ ಹಾಸಿ, "ಬಂದವರು ಕೂತ್ಕೋಬಹುದು" ಎಂದು ಗೋಡೆಗೆ ಹೇಳಿದಳು.

ನಡುಮನೆಯ ನೆಲದ ಮೇಲೆ ಕಾಳು ಜೋಡಿಸಿದೆ. ಆರು ಮೂಲೆಯೂ ಸೊಗಸಾಗಿ ಬಂತು. ರತ್ನಮ್ಮನೇ ಎಣಿಸಿ, "ಸರಿ ಅದೆ" ಎಂದರು. ಇನ್ನು ಚೌಕಕ್ಕೆ. ನನ್ನ ಮೊಣಕಾಲು ನೋವು ನೋಡಿ ಕಮಲ, "ಏಳಿ, ನಾನು ಇಡ್ತೀನಿ" ಎಂದು ತಾನೇ ಕೂತಳು. ಒಂದು ಸಾಲು, ಎರಡು ಸಾಲು. ನಾನು ಪಕ್ಕದಲ್ಲಿ ನಿಂತು ಗಣಿತದ ಹಿರಿಮೆಯನ್ನು ವಿವರಿಸುತ್ತಿದ್ದೆ. ಹನ್ನೆರಡು ಸಾಲು ತುಂಬಿತು. ಹದಿಮೂರನೆಯದರಲ್ಲಿ ಹನ್ನೆರಡು ಕಾಳು ಕೂತವು. ಮೂಲೆಯ ಜಾಗ ಖಾಲಿ. ಕೈಯಲ್ಲಿ ಕಾಳಿಲ್ಲ.

"ಬಿದ್ದಿದೆ! ಎಲ್ಲೋ ಬಿದ್ದಿದೆ! ಯಾರೂ ಅಲ್ಲಾಡಬೇಡಿ!" ಎಂದು ಕೂಗಿದೆ. ದಿವಾನದ ಕೆಳಗೆ ಟಾರ್ಚು ಹಿಡಿದು ನುಗ್ಗಿದೆ. ಒಂದು ಪೆನ್ನಿನ ಮುಚ್ಚಳ, ಚೌಕಾಬಾರದ ಎರಡು ಹುಣಸೆಬೀಜ ಸಿಕ್ಕವು. ಅವರೆಕಾಳು ಸಿಗಲಿಲ್ಲ. ಬುಟ್ಟಿಯಿಂದ ಇನ್ನೊಂದು ತರುತ್ತೇನೆಂದರೆ ಪುಟ್ಟಸ್ವಾಮಿ, "ಅದು ಮೋಸ ಆಯ್ತದೆ ಮೇಷ್ಟ್ರೇ. ಇರೋದ್ರಲ್ಲೇ ತೋರಿಸ್ತೀನಿ ಅಂದಿದ್ರಿ. ಮೇಲಕ್ಕೆ ಬನ್ನಿ, ಸೊಂಟ ಹಿಡ್ಕಂಡ್ಬುಟ್ಟಾದು" ಎಂದ. ಒಬ್ಬ ಮನುಷ್ಯ ದಿವಾನದ ಕೆಳಗಿನಿಂದ ಅರ್ಧ ಹೊರಗೆ ಬಂದಿರುವಾಗ ಅವನ ಯಾವ ಸಿದ್ಧಾಂತವನ್ನೂ ಯಾರೂ ಗೌರವಿಸುವುದಿಲ್ಲ.

ರತ್ನಮ್ಮ ಖಾಲಿ ಮೂಲೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಅಲ್ಲಿಗೆ ನಂದೇ ಒಂದು ಜಾಸ್ತಿ ಆಯ್ತಲ್ಲ ಕಮಲಕ್ಕ" ಎಂದರು. ಆ ಭಾನುವಾರದ ಮೇಲೆ ಮೊದಲ ಸಲ ಅಕ್ಕ ಎಂದಿದ್ದರು.

"ಹೂಂ ಕಣೇ. ಕಣ್ಣಾರೆ ನೋಡಿದ್ವಲ್ಲ" ಎಂದಳು ಕಮಲ.

"ಒಂದೇ ಒಂದು ಕಾಳು ಬುಡಕ್ಕ. ಅದೂ ಒಂದು ಜಾಸ್ತೀನಾ? ಅವತ್ತು ನಾನೂ ಬಾಯಿಗೆ ಬಂದಂಗೆ ಅಂದ್ಬುಟ್ಟೆ."

"ನಾನೇನು ಕಮ್ಮಿ ಅಂದ್ನಾ?"

ಇಬ್ಬರ ಕಣ್ಣಲ್ಲೂ ನೀರು. ಪುಟ್ಟಸ್ವಾಮಿಯೂ ಮೂಗು ಒರೆಸಿಕೊಂಡ. ರತ್ನಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ನೆಲ ನೋಡಿ, "ಅಯ್ಯೋ, ಎಂಥಾ ಎಳೇ ಕಾಳ ನೆಲಕ್ಕಾಕವ್ರೆ ನೋಡಕ್ಕ ಈ ಮೇಷ್ಟ್ರು! ಹಿತುಕಿದ್ರೆ ಎಷ್ಟು ಸಾರಾದಾದು" ಎಂದರು. ನನ್ನ ಸಾಧನೆ ಒಂದೇ ಬಾಚಿಗೆ ಪಾತ್ರೆ ಸೇರಿತು. ತೊಳೆದು ನೆನೆಹಾಕಿದರು. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತು ಕಾಳು ಹಿತುಕುತ್ತಾ, ನಗುತ್ತಾ ಇದ್ದರು. ನಾನು ಒಂದು ಸಲ ಬಾಗಿಲಲ್ಲಿ ತಲೆ ಹಾಕಿ, "ತರ್ಕಬದ್ಧವಾಗಿ ನೋಡಿದರೆ ಆ ಕಾಳು..." ಎಂದೆ. ಇಬ್ಬರೂ ಒಟ್ಟಿಗೆ, "ಹೊರಗೆ ಹೋಗಿ" ಎಂದರು.

ಸಂಕ್ರಾಂತಿಯ ಬೆಳಿಗ್ಗೆ ಮೊದಲ ತಟ್ಟೆ ಗೋಡೆ ದಾಟಿತು. ಆ ಕಡೆಯಿಂದ ಎಳ್ಳು, ಕಬ್ಬು, ಸಕ್ಕರೆ ಅಚ್ಚಿನ ಜೊತೆಗೆ ಪುಟ್ಟಸ್ವಾಮಿ ತಂದುಕೊಟ್ಟ ಹೊಸ ಕುಕ್ಕರಿನಲ್ಲಿ ಬೇಯಿಸಿದ ಇಡ್ಲಿಯೂ ಬಂತು. ಎಲ್ಲ ಮುಗಿಸಿ ಬಂದು ಕಮಲ ನನಗೆ ಕಾಫಿ ಕೊಟ್ಟಳು. ಆಮೇಲೆ ಹಿಂದಿನ ದಿನ ಉಟ್ಟು ಮಡಿಸಿಟ್ಟಿದ್ದ ಸೀರೆಯ ಸೆರಗಿನ ತುದಿ ಬಿಚ್ಚಿ, ಏನನ್ನೋ ತೆಗೆದು ಲೋಟದ ಪಕ್ಕದಲ್ಲಿಟ್ಟಳು. ಸುಕ್ಕುಗಟ್ಟಿದ ಒಂದು ಅವರೆಕಾಳು.

"ತಗೊಳ್ಳಿ. ನೂರ ಅರವತ್ತೊಂಬತ್ತು. ಸಮಾಧಾನವಾಯ್ತಾ?"

ಕಾಳನ್ನು ಕೈಗೆತ್ತಿಕೊಂಡು, "ನೀನೇ ಬಚ್ಚಿಟ್ಟೆಯಾ? ಎರಡೂ ಸಮ ಅಂತ ಗೊತ್ತಿದ್ದೂ?" ಎಂದೆ.

"ಗೊತ್ತಿಲ್ದೆ ಏನು? ಲೆಕ್ಕದಲ್ಲಿ ನೀವು ಯಾವತ್ತು ತಪ್ಪಿದ್ದೀರಿ?" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಕೊಟ್ಟ ಮೊದಲ ಸರ್ಟಿಫಿಕೇಟು ಅದು. ನಾನು ಅದನ್ನು ಸವಿಯುವಷ್ಟರಲ್ಲೇ ಮುಂದುವರಿಸಿದಳು. "ಆದ್ರೆ ನಿಮ್ಮ ಸಮ ತಗೊಂಡು ಹೆಪ್ಪು ಹಾಕೋಕಾಗುತ್ತೇನ್ರೀ? ಅವಳಿಗೆ ಗೆಲ್ಲಬೇಕಿತ್ತು, ನಂಗೆ ಅವಳು ಬೇಕಿತ್ತು. ಒಂದು ಕಾಳು ಹೋದ್ರೆ ಹೋಯ್ತು. ನೀವು ಮಾತ್ರ ಬಾಯಿ ಬಿಡಕೂಡ್ದು, ನನ್ನಾಣೆ."

ಹೋದದ್ದು ಒಂದು ಕಾಳು ಮಾತ್ರವಲ್ಲ, ನನ್ನ ಮಾನವೂ ಹೋಯಿತು ಎಂದು ಅವಳಿಗೆ ಹೇಗೆ ಹೇಳಲಿ? ಪುಟ್ಟಸ್ವಾಮಿ ಅಂಗಡಿಯಲ್ಲಿ ಕೂತು ಕಬ್ಬಿಣ ತೂಗುವಷ್ಟೇ ಧಾರಾಳವಾಗಿ ಕಥೆಯನ್ನೂ ಹಂಚಿದ್ದಾನೆ. ಸಂಘದ ಸಭೆಗೆ ನಾನು ಕುರ್ಚಿ ಎಣಿಸಿದರೆ ನನ್ನ ಹಿಂದೆಯೇ ಇನ್ನೊಬ್ಬರು ಎಣಿಸುತ್ತಾರೆ. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಸಿಕ್ಕಿ ಕೈಮುಗಿದು, "ಸಾರ್, ಕಾಳಿನ ವಿಷಯ ಕೇಳಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ ಸಾರ್, ಬೇಜಾರು ಮಾಡ್ಕೋಬೇಡಿ" ಎಂದ. ಅವನಿಗೆ ಕಾಲೇಜಿನಲ್ಲೂ ನಾನು ಹದಿನಾಲ್ಕರ ಮಗ್ಗಿ ಬಾಯಿಪಾಠ ಮಾಡಿಸಿದ್ದೆ. ಹಲ್ಲು ಕಚ್ಚಿಕೊಂಡು ನಕ್ಕೆ. ಸಂಜೆ ಗೋಡೆಯ ಹತ್ತಿರ ಬಟ್ಟಲು ಹೋಗಿರುತ್ತದೆ, ಮುಕ್ಕಾಲು ಗಂಟೆ ಮಾತು ಕೇಳುತ್ತದೆ, ಬೆಳಿಗ್ಗೆ ಮೊಸರು ಗಟ್ಟಿಯಾಗಿರುತ್ತದೆ. ಊಟಕ್ಕೆ ಕೂತಾಗ ಹಲ್ಲಿನ ಕಚ್ಚು ಸಡಿಲವಾಗುತ್ತದೆ.

ಈಗ ನಾನು ನೂರ ಅರವತ್ತೆಂಟರ ಮೇಲೆ ಸ್ವಲ್ಪ ಅಭಿಮಾನ ಬೆಳೆಸಿಕೊಳ್ಳಲು ನೋಡುತ್ತಿದ್ದೇನೆ. ಪಾಪ, ಅದೂ ಸಂಖ್ಯೆಯೇ. ಅದು ಚೌಕಕ್ಕೂ ಕೂರುವುದಿಲ್ಲ, ಆರು ಮೂಲೆಗೂ ಕೂರುವುದಿಲ್ಲ. ಅದರಲ್ಲಿ ನನಗೆ ಕಂಡ ವಿಶೇಷ ಒಂದೇ. ಇಪ್ಪತ್ನಾಲ್ಕನ್ನು ಏಳರಿಂದ ಗುಣಿಸಿದರೆ ಅದು ಬರುತ್ತದೆ, ಅಂದರೆ ವಾರಕ್ಕೆ ನೂರ ಅರವತ್ತೆಂಟು ಗಂಟೆ. ಅಷ್ಟು ಗಂಟೆಯೂ ನಾನು ಬಾಯಿ ಬಿಡುವ ಹಾಗಿಲ್ಲ, ಹೆಂಡತಿಯ ಆಣೆಯಿದೆ. ನಿಮಗೆ ಇದನ್ನೆಲ್ಲ ಹೇಳಿದ್ದು ನೂರ ಅರವತ್ತೊಂಬತ್ತನೆಯ ಗಂಟೆಯಲ್ಲಿ ಎಂದು ಇಟ್ಟುಕೊಳ್ಳಿ. ರತ್ನಮ್ಮನವರಿಗೆ ಮಾತ್ರ ಹೇಳಬೇಡಿ.